ಮದ್ರಾಸ್ ವಿಶ್ವವಿದ್ಯಾಲಯ ಇದ್ದರೂ ಮೈಸೂರು ಬೇರೆ ವಿಶ್ವವಿದ್ಯಾಲಯ ಕಟ್ಟಿದ್ದು ಯಾಕೆ?

ಏನು ಕಲಿಸಬೇಕು, ಹೇಗೆ ಪರೀಕ್ಷೆ ಮಾಡಬೇಕು ಅನ್ನೋದು ತನ್ನ ಕೈಯಲ್ಲೇ ಇರಲಿ ಅಂತ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗೋಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ಖರ್ಚು ಮೈಸೂರು ಸರ್ಕಾರದ್ದು, ಪಠ್ಯ ಮತ್ತು ಪದವಿ ಮದ್ರಾಸಿನದು. 1857ರಲ್ಲಿ ಶುರುವಾದ ಮದ್ರಾಸ್, ಬಾಂಬೆ, ಕಲ್ಕತ್ತಾ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯವು. ಮೊದಮೊದಲು ಅವು ಪಾಠವನ್ನೇ ಮಾಡುತ್ತಿರಲಿಲ್ಲ! ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ಕಚೇರಿ ಇದ್ದಂತೆ. ಅಂಥ ಕಡೆ ಸಂಶೋಧನೆ ಬೆಳೆಯೋದು ಕಷ್ಟ ಅಲ್ವಾ? ಪಾಠ ಮಾಡುವವರೇ ಪಠ್ಯ ರೂಪಿಸಿದಾಗ ಹೊಸ ವಿಷಯ ಸೇರಿಸಬಹುದು, ಊರಿಗೆ ಬೇಕಾದ್ದನ್ನು ಹುಡುಕಬಹುದು.

ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಹಿಡಿದದ್ದು ಇದೇ ದಾರಿ. ಸಂಸ್ಥಾನವೊಂದು ಕಟ್ಟಿದ ದೇಶದ ಮೊದಲ ವಿಶ್ವವಿದ್ಯಾಲಯ ಇದು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ.

ಸಂಶೋಧನೆಗೆ ಬೇಕಾದ ಸರಕು ಮೈಸೂರಿನಲ್ಲಿ ಆಗಲೇ ಇತ್ತು. 1891ರಲ್ಲಿ ತೆರೆದ ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗರಿ ಗ್ರಂಥಗಳ ರಾಶಿಯೇ ಇತ್ತು. ಅಲ್ಲಿ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಲೈಬ್ರರಿ ಮುಂದೆ ವಿಶ್ವವಿದ್ಯಾಲಯದ್ದೇ ಆಯಿತು. ನನಗೆ ಕೇಳಿದರೆ, ವಿಶ್ವವಿದ್ಯಾಲಯದ ಆಡಳಿತ ಕಟ್ಟಡವಾದ ಕ್ರಾಫರ್ಡ್ ಹಾಲ್‌ಗಿಂತ ದೊಡ್ಡ ಆಸ್ತಿ ಅದು.

ಕನ್ನಡದ ಕೆಲಸವೂ ಇಲ್ಲಿ ಜಾಸ್ತಿ ನಡೆಯಿತು. ಮದ್ರಾಸಿನಲ್ಲಿ ಕನ್ನಡ ಹಲವು ಭಾಷೆಗಳಲ್ಲಿ ಒಂದು, ಇಲ್ಲಿ ಮನೆಮಾತು. ವಿಶ್ವವಿದ್ಯಾಲಯವೇ ಇಂಗ್ಲಿಷ್-ಕನ್ನಡ ನಿಘಂಟು ತಂದಿತು. ಕುವೆಂಪು ಕುಲಪತಿಯಾಗಿದ್ದಾಗ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ವಿಭಾಗಗಳಿಗೆ, ಅಂದರೆ ಡಿಗ್ರಿ ನಂತರದ ಓದಿಗೆ, ಬೇರೆಯೇ ಕ್ಯಾಂಪಸ್ ಸಿಕ್ಕಿತು.