ಹೆಜ್ಜಾರ್ಲೆಯ ಹೊಟ್ಟೆಯ ಹುಳು, ಬತ್ತಿದ ಕೆರೆಯ ಮೀನು

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಹುಳು ಎಂದರು. ನಮ್ಮ ತಾತಂದಿರ ಕಾಲದಿಂದಲೂ ಈ ಹಕ್ಕಿಗಳು ಇದೇ ಕೆರೆಗಳ ಮೀನು ತಿಂದುಕೊಂಡು ಬಂದಿವೆಯಲ್ಲ, ಆಗ ಕೊಲ್ಲದ ಹುಳು ಈಗೇಕೆ ಕೊಲ್ಲುತ್ತದೆ? ಹುಳುವಿಗೆ ಔಷಧ ಹಾಕಬಾರದೇ?
– ಮದ್ದೂರಿನ ಓದುಗರು

ಉತ್ತರ: 2017ರ ಡಿಸೆಂಬರ್‌ನಿಂದ ಮುಂದಿನ ಕೆಲವು ತಿಂಗಳುಗಳಲ್ಲಿ ಅಲ್ಲಿನ ಮರಗಳ ಕೆಳಗೆ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದದ್ದು ನಿಜ, ಅವುಗಳ ಒಡಲಲ್ಲಿ ದುಂಡುಹುಳುಗಳು ಸಿಕ್ಕಿದ್ದೂ ನಿಜ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಂನಲ್ಲಿಯೂ ಆಮೇಲೆ ಇದೇ ಬಗೆಯ ಸಾವುಗಳಾದವು. ಆದರೆ ಹುಳು ಇತ್ತು ಎಂದ ಮಾತ್ರಕ್ಕೆ ಸಾವಿನ ಕಾರಣ ಪೂರ್ತಿ ತಿಳಿದಂತಾಗುವುದಿಲ್ಲ. ನೀವು ಕೇಳಿರುವ 'ಈಗೇಕೆ' ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಮೀನು ತಿನ್ನುವ ಹಕ್ಕಿಗಳ ಜಠರದಲ್ಲಿ ಸಾಮಾನ್ಯವಾಗಿ ಕಾಣುವ ದುಂಡುಹುಳುಗಳಲ್ಲಿ ಕಾಂಟ್ರಾಸೀಕಮ್ ಎಂಬ ಕುಲದವು ಮುಖ್ಯವಾದವು. ಅವುಗಳ ಮೊಟ್ಟೆ ಹಕ್ಕಿಯ ಹಿಕ್ಕೆಯೊಡನೆ ನೀರಿಗೆ ಬೀಳುತ್ತದೆ. ಅದರ ಮರಿಯನ್ನು ನೀರಿನಲ್ಲಿರುವ ಸಿಗಡಿ ಬಗೆಯ ಅತಿ ಸಣ್ಣ ಜೀವಿಗಳು ನುಂಗುತ್ತವೆ, ಅವನ್ನು ಮೀನು ತಿನ್ನುತ್ತದೆ, ಮೀನಿನ ಒಡಲಲ್ಲಿ ಸುರುಳಿ ಸುತ್ತಿಕೊಂಡು ಕಾಯುವ ಆ ಮರಿಹುಳು ಹೆಜ್ಜಾರ್ಲೆಯ ಹೊಟ್ಟೆ ಸೇರಿದ ಮೇಲೆಯೇ ಬಲಿತು ಮತ್ತೆ ಮೊಟ್ಟೆ ಇಡುತ್ತದೆ. ಹೀಗೆ ಹಕ್ಕಿ ಬದುಕಿದ್ದರೆ ಮಾತ್ರ ಹುಳುವಿನ ಬಾಳು ಸಾಗುವುದರಿಂದ, ನಾಲ್ಕಾರು ಕೆ.ಜಿ. ತೂಗುವ ಗಟ್ಟಿಮುಟ್ಟಾದ ಹೆಜ್ಜಾರ್ಲೆ ಒಂದಷ್ಟು ಹುಳುಗಳನ್ನು ಹೊತ್ತುಕೊಂಡೇ ಗೂಡು ಕಟ್ಟಿ, ಮರಿ ಮಾಡಿ, ಹಾರಿಹೋಗುತ್ತದೆ. ಹೊಟ್ಟೆಯ ಹುಳುವಷ್ಟೇ ಅಲ್ಲ. ಹೆಜ್ಜಾರ್ಲೆ ಜಾತಿಯ ಹಕ್ಕಿಗಳ ಗಂಟಲಚೀಲದ ಒಳಗೋಡೆಗೆ ಕಚ್ಚಿಕೊಂಡೇ ಬದುಕುವ ಹೇನಿನ ಕುಲವೊಂದಿದೆ. ಮೊಟ್ಟೆ ಇಡಲು ಮಾತ್ರ ಅದು ಹೊರಗಿನ ಗರಿಗಳಿಗೆ ಬರುತ್ತದೆ. ಅಷ್ಟು ಹಳೆಯದು ಈ ನಂಟು.

ಲೆಕ್ಕ ತಪ್ಪುವುದು ಕೆರೆ ಬತ್ತಿದಾಗ. ನೀರು ಇಳಿದಂತೆ ಮೀನು, ಹಿಕ್ಕೆ, ಸೂಕ್ಷ್ಮಜೀವಿಗಳು ಎಲ್ಲವೂ ಒಂದೇ ಗುಂಡಿಯಲ್ಲಿ ಒತ್ತೊತ್ತಾಗಿ ಸೇರುತ್ತವೆ. ಹತ್ತು ಕೆರೆ ಸುತ್ತಿ ಮೀನು ಹಿಡಿಯುತ್ತಿದ್ದ ಹಕ್ಕಿಗಳೆಲ್ಲ ಉಳಿದ ಒಂದೆರಡು ಕೆರೆಗಳಿಗೇ ಮುತ್ತುತ್ತವೆ. ಆಗ ಪ್ರತಿ ಮೀನಿನಲ್ಲೂ ಹುಳುವಿನ ಹೊರೆ ಹೆಚ್ಚುತ್ತದೆ. ಜೊತೆಗೆ ಮೀನಿಗಾಗಿ ದೂರ ಹಾರಬೇಕಾದ ಹಕ್ಕಿಯ ಮೈಯಲ್ಲಿ ಕೊಬ್ಬು ಕರಗಿರುತ್ತದೆ. ಹತ್ತು ಹುಳುಗಳನ್ನು ತಾಳಿಕೊಳ್ಳುತ್ತಿದ್ದ ಜಠರದಲ್ಲಿ ನೂರಾರು ಸೇರಿದರೆ ಒಳಗೋಡೆ ಹುಣ್ಣಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಹಕ್ಕಿ ರೆಕ್ಕೆ ಜೋಲಿಸಿ ಕುಳಿತಲ್ಲೇ ಕುಳಿತುಬಿಡುತ್ತದೆ. ಬೆಳ್ಳೂರಿನಲ್ಲಿ ಸಾವುಗಳು ಕಾಣುವ ಮುಂಚಿನ ವರ್ಷಗಳಲ್ಲಿ ಕಾವೇರಿ ಸೀಮೆ ಬರದಿಂದ ಬೆಂದಿತ್ತು ಎಂಬುದನ್ನು ಮಂಡ್ಯದವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಕೊಂದಿತು ಎನ್ನುವುದಕ್ಕಿಂತ, ಕೆರೆಗಳ ಸ್ಥಿತಿ ಹುಳುವಿನ ಕೈ ಬಲಪಡಿಸಿತು ಎನ್ನುವುದೇ ಸರಿ ಎಂದು ನನ್ನ ತಿಳಿವಳಿಕೆ.

ಔಷಧದ ಮಾತು. ಹಿಡಿದು ಆರೈಕೆಗೆ ಇಟ್ಟ ಹಕ್ಕಿಗೆ ಪಶುವೈದ್ಯರು ಜಂತುಹುಳುವಿನ ಔಷಧ ಕೊಡಬಲ್ಲರು. ಆದರೆ ಮರದ ತುದಿಯಲ್ಲಿ ಗೂಡು ಕಟ್ಟಿರುವ ನೂರಾರು ಹಕ್ಕಿಗಳಿಗೆ ಕೊಡುವ ದಾರಿಯಿಲ್ಲ, ಕೊಟ್ಟರೂ ಮಾರನೆಯ ದಿನ ಅವು ಅದೇ ಕೆರೆಯ ಮೀನನ್ನೇ ತಿನ್ನುತ್ತವೆ. ಕೆರೆಗೆ ಔಷಧ ಸುರಿಯುವ ಯೋಚನೆಯಂತೂ ಖಂಡಿತ ಬೇಡ. ಹೂಳೆತ್ತಿದ ನಾಲ್ಕು ಕೆರೆಗಳು ಬೇಸಿಗೆಯವರೆಗೂ ನೀರು ಹಿಡಿದರೆ ಹಕ್ಕಿಗಳು ತಾವಾಗಿಯೇ ಚದುರಿ ಮೇಯುತ್ತವೆ. ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುವ ಊರು ನಿಮ್ಮ ನೆರೆಯಲ್ಲಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಮೀನು ಹಾಕಿ ಸಾಕಿದ 'ಹೆಜ್ಜಾರ್ಲೆ ಬಳಗ'ದ ಯುವಕರು ಅಲ್ಲಿಯವರೇ. ಕೆರೆಯ ಮಾತನ್ನು ಎತ್ತಲು ಅವರಿಗಿಂತ ಹಕ್ಕುಳ್ಳವರು ಬೇರೆ ಯಾರಿದ್ದಾರೆ?

ಪ್ರಶ್ನೆ: 'ಒತ್ತಡ' ಎಂಬ ಮಾತನ್ನು ಈಗ ಎಲ್ಲದಕ್ಕೂ ಬಳಸುತ್ತಾರೆ. ಹಕ್ಕಿಗೂ ಒತ್ತಡವಿರುತ್ತದೆ, ಅದರಿಂದ ರೋಗ ಬರುತ್ತದೆ ಎನ್ನುವುದಕ್ಕೆ ಆಧಾರವಿದೆಯೇ?
– ಧಾರವಾಡದ ಓದುಗರು

ಉತ್ತರ: ಇದೆ. ಹಸಿವು, ಬಿಸಿಲು, ಬೆದರಿಕೆಗಳು ಎದುರಾದಾಗ ಹಕ್ಕಿಯ ರಕ್ತದಲ್ಲಿ ಕಾರ್ಟಿಕೋಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಗಿಡುಗದಿಂದ ತಪ್ಪಿಸಿಕೊಳ್ಳುವ ಗಳಿಗೆಯಲ್ಲಿ ಅದು ಉಪಕಾರಿ; ವಾರಗಟ್ಟಲೆ ಇಳಿಯದೆ ನಿಂತರೆ ರೋಗದ ವಿರುದ್ಧ ಹೋರಾಡುವ ಶಕ್ತಿಯೇ ಕುಗ್ಗುತ್ತದೆ. ಮೈಯಲ್ಲಿರುವ ಶಕ್ತಿ ಒಂದೇ ಗಂಟು, ಅದನ್ನು ಮರಿ ಸಾಕಲು ಖರ್ಚು ಮಾಡಿದರೆ ರೋಗ ತಡೆಯಲು ಉಳಿಯುವುದು ಕಡಿಮೆ. ಸ್ವಿಟ್ಜರ್‌ಲೆಂಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಸಂಶೋಧಕರು ಕೆಲವು ಗೂಡುಗಳಿಗೆ ಹೆಚ್ಚುವರಿ ಮರಿಗಳನ್ನು ಸೇರಿಸಿದರು. ಬಾಯಿಗಳು ಹೆಚ್ಚಾದಾಗ ಗಂಡು ಹಕ್ಕಿ ಹುಳು ತಂದುಣಿಸುವ ಓಡಾಟವನ್ನು ಸುಮಾರು ಶೇ. 50ರಷ್ಟು ಏರಿಸಿತು, ಅಂಥ ಗಂಡುಗಳಲ್ಲಿ ಹಕ್ಕಿ ಮಲೇರಿಯಾ ಇದ್ದವುಗಳ ಪ್ರಮಾಣ ಉಳಿದವುಗಳ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಒಂದೇ ತೋಪು, ಒಂದೇ ಋತು. ಬದಲಾದದ್ದು ತಂದೆಯ ದುಡಿಮೆ ಮಾತ್ರ. ಈ ಪ್ರಯೋಗದ ಬಗ್ಗೆ ಓದಿದ ಮೇಲೆ, ಉರಿಬಿಸಿಲಿನಲ್ಲಿ ಗಂಟಲು ಅದುರಿಸುತ್ತ, ಬಾಯ್ದೆರೆದು, ಮರಿಗಳಿಗೆ ರೆಕ್ಕೆಯ ನೆರಳು ಹಿಡಿದು ನಿಂತ ಕೊಕ್ಕರೆಯನ್ನು ಕಂಡಾಗಲೆಲ್ಲ ಅದರ ರಕ್ತದಲ್ಲಿ ಏನು ನಡೆಯುತ್ತಿರಬಹುದು ಎಂದು ಯೋಚಿಸುವಂತಾಗಿದೆ.

ಪ್ರಶ್ನೆ: ನಮ್ಮ ಮನೆಯ ಸೂರಿನಲ್ಲಿ ಗುಬ್ಬಚ್ಚಿ ಗೂಡಿಗೆ ಬೇವಿನ ಎಲೆ ತರುತ್ತದೆ. ಅದಕ್ಕೆ ಬೇವಿನ ಗುಣ ಗೊತ್ತೇ?
– ಚಿತ್ರದುರ್ಗದ ಓದುಗರು

ಉತ್ತರ: ಗೊತ್ತು ಎನ್ನುವ ಪದವನ್ನು ಮನುಷ್ಯರ ಅರ್ಥದಲ್ಲಿ ಬಳಸಲು ನಾನು ಹಿಂಜರಿಯುತ್ತೇನೆ, ಆದರೆ ನಿಮ್ಮ ಕಣ್ಣು ತಪ್ಪಿಲ್ಲ. ಕೋಲ್ಕತ್ತದ ಗುಬ್ಬಚ್ಚಿಗಳು ಗೂಡಿಗೆ ಬೇವಿನೆಲೆ ತರುವುದನ್ನು ಕುರಿತ ಅಧ್ಯಯನ 1981ರಲ್ಲೇ ಪ್ರಕಟವಾಗಿದೆ. ನುಸಿ ಮೊದಲಾದ ಗೂಡಿನ ರಕ್ತಹೀರುಕಗಳನ್ನು ದೂರವಿಡುವ ಉಪಾಯ ಇದೆಂದು ಅದು ಸೂಚಿಸಿತು. ಮೆಕ್ಸಿಕೋ ನಗರದ ಗುಬ್ಬಚ್ಚಿ ಮತ್ತು ಹೌಸ್ ಫಿಂಚ್‌ಗಳು ಸೇದಿ ಎಸೆದ ಸಿಗರೇಟಿನ ತುಂಡುಗಳ ನಾರನ್ನು ಗೂಡಿಗೆ ಬಳಸುತ್ತವೆ. ಆ ನಾರು ಹೆಚ್ಚಿದ್ದ ಗೂಡುಗಳಲ್ಲಿ ಪರಾವಲಂಬಿಗಳು ಕಡಿಮೆ ಎಂದು 2013ರಲ್ಲಿ ವರದಿಯಾಯಿತು. ಅಂಥ ಗೂಡಿನ ಮರಿಗಳ ರಕ್ತಕಣಗಳಲ್ಲಿ ವಂಶವಾಹಿಗೆ ಹಾನಿಯಾಗಿರುವುದೂ ಆಮೇಲೆ ಕಂಡುಬಂತು. ನಿಮ್ಮ ಬೇವಿನ ಮರವನ್ನು ದಯವಿಟ್ಟು ಕಡಿಸಬೇಡಿ.

ಪ್ರಶ್ನೆ: ಹವಾಯಿಗೆ ಪ್ರವಾಸ ಹೋಗಿದ್ದಾಗ ಸೊಳ್ಳೆಯಿಂದ ಅಲ್ಲಿನ ಹಕ್ಕಿಗಳು ನಿರ್ನಾಮವಾಗುತ್ತಿವೆ ಎಂದು ಕೇಳಿದೆವು. ಭಾರತದಲ್ಲಿ ಅಷ್ಟೊಂದು ಸೊಳ್ಳೆಗಳಿದ್ದೂ ಹೀಗಾಗಿಲ್ಲವೇಕೆ?
– ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳ ಮೂಲಕ ಅದು ಅಲ್ಲಿಗೆ ಬಂತು. ನಮ್ಮ ಚರಂಡಿಗಳಲ್ಲಿ ಬೆಳೆದು ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಯೇ ಅದು. ಹಕ್ಕಿ ಮಲೇರಿಯಾದ ರೋಗಾಣುವೂ ಹೊರಗಿನ ಹಕ್ಕಿಗಳೊಡನೆ ಬಂದು ಸೇರಿತು. ಅದನ್ನು ಎಂದೂ ಎದುರಿಸದ ಅಲ್ಲಿನ ಜೇನುಹಕ್ಕಿಗಳಲ್ಲಿ ತಡೆಯುವ ಶಕ್ತಿಯೇ ಇರಲಿಲ್ಲ. ಇಈವಿ ಎಂಬ ಕೆಂಪು ಹಕ್ಕಿಗೆ ರೋಗವುಳ್ಳ ಸೊಳ್ಳೆ ಒಮ್ಮೆ ಕಚ್ಚಿದರೂ ಬಹುತೇಕ ಸಾವೇ ಗತಿ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ರೋಗಾಣು ಸೊಳ್ಳೆಯಲ್ಲಿ ಬೆಳೆಯದ ಕಾರಣ ಉಳಿದ ಹಕ್ಕಿಗಳು ತಂಪಾದ ಬೆಟ್ಟದ ಮೇಲಿನ ಕಾಡುಗಳಲ್ಲಿ ಬದುಕಿಕೊಂಡಿದ್ದವು. ಈಗ ಸೆಕೆ ಏರಿದಂತೆ ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ. ಕವಾಯಿ ದ್ವೀಪದ ಅತ್ಯಂತ ಎತ್ತರದ ಶಿಖರವೇ 1,600 ಮೀಟರ್ ಮುಟ್ಟುವುದಿಲ್ಲ. ಅದಕ್ಕಿಂತ ಮೇಲೆ ಹೋಗಲು ಹಕ್ಕಿಗೆ ಜಾಗವಿಲ್ಲ. 2023ರಲ್ಲಿ ಅಮೆರಿಕ ಸರ್ಕಾರ ಅಳಿದುಹೋದವೆಂದು ಘೋಷಿಸಿದ 21 ಜೀವಜಾತಿಗಳಲ್ಲಿ ಎಂಟು ಹವಾಯಿಯ ಹಕ್ಕಿಗಳು, ಅವುಗಳಲ್ಲಿ ಹೆಚ್ಚಿನವು ಜೇನುಹಕ್ಕಿಗಳು. ಕಾಡಿನ ಸೊಳ್ಳೆಗಳೊಡನೆ ಕೂಡಿದರೂ ಮೊಟ್ಟೆ ಒಡೆಯದಂತೆ ಮಾಡುವ ವೋಲ್ಬೇಕಿಯಾ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಈಗ ಅಲ್ಲಿ ಬಿಡುತ್ತಿದ್ದಾರೆ.

ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡಿನ ಹಕ್ಕಿಗಳ ರಕ್ತದಲ್ಲಿಯೂ ಮಲೇರಿಯಾ ಬಗೆಯ ರೋಗಾಣುಗಳಿವೆ. ಅವು ಮನುಷ್ಯರಿಗೆ ಅಂಟುವಂಥವಲ್ಲ. ಇಲ್ಲಿ ಹಕ್ಕಿ, ಸೊಳ್ಳೆ, ರೋಗಾಣು ಬಹು ಕಾಲದಿಂದ ಒಟ್ಟಿಗೆ ಬಾಳಿಕೊಂಡು ಬಂದಿರುವುದೇ ವ್ಯತ್ಯಾಸ. ಆದರೂ ಒಂದೊಂದು ಬೆಟ್ಟದ ತುದಿಗಷ್ಟೇ ಸೀಮಿತವಾದ ಹಕ್ಕಿಗಳು ನಮ್ಮಲ್ಲೂ ಇರುವುದರಿಂದ, ಹವಾಯಿಯ ಸುದ್ದಿಯನ್ನು ದೂರದ ಸುದ್ದಿಯೆಂದು ನಾನು ಓದುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಟೆರೇಸಿನ ಮೇಲೆ ಹಕ್ಕಿಗಳಿಗೆ ನೀರಿಡುತ್ತೇವೆ. ಇದರಿಂದಲೂ ರೋಗ ಹರಡುತ್ತದೆ ಎನ್ನುತ್ತಾರೆ, ನಿಜವೇ?
– ಬೆಂಗಳೂರಿನ ಓದುಗರು

ಉತ್ತರ: ಬಟ್ಟಲು ಕೊಳಕಾಗಿದ್ದರೆ ನಿಜ. ಪಾರಿವಾಳಗಳ ಗಂಟಲಿನಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿ ಇರುತ್ತದೆ. ಎಂಜಲು ನೀರು, ಎಂಜಲು ಕಾಳಿನ ಮೂಲಕ ಅದು ಬೇರೆ ಹಕ್ಕಿಗಳಿಗೆ ದಾಟುತ್ತದೆ. 2005ರ ನಂತರ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳಿಗೆ ಈ ರೋಗ ತಗುಲಿ ಅವುಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ, 2021ರಲ್ಲಿ ಅದನ್ನು ಅಪಾಯದಲ್ಲಿರುವ ಹಕ್ಕಿಗಳ ಅಲ್ಲಿನ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ನೀರಿಡುವುದನ್ನು ನಿಲ್ಲಿಸಬೇಡಿ. ಅಗಲವಾದ ಮಣ್ಣಿನ ಬಟ್ಟಲು ಎರಡಿರಲಿ. ಹಿಂದಿನ ದಿನದ್ದನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ; ಪೂರ್ತಿ ಒಣಗಿದ ಪಾತ್ರೆಯಲ್ಲಿ ಆ ಪರಾವಲಂಬಿ ಉಳಿಯುವುದಿಲ್ಲ. ಗರಿ ಕೆದರಿಕೊಂಡು, ನುಂಗಲಾಗದೆ ಕೊಕ್ಕಿನಿಂದ ಜೊಲ್ಲು ಸುರಿಸುವ ಹಕ್ಕಿ ಕಂಡರೆ ಎರಡು ಮೂರು ವಾರ ಬಟ್ಟಲನ್ನು ಒಳಗಿಡಿ.