ಅಲ್ಜೀರಿಯಾದ ಹಳೆಯ ಫ್ಲಿಸ್ಸಾ ಕತ್ತಿ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಕೊಳ್ಳಬೇಕೆಂದಿರುವ ಒಂದು ಫ್ಲಿಸ್ಸಾದ ಫೋಟೋ ಕಳಿಸಿ, ಹಿಡಿಯ ಹಿತ್ತಾಳೆ ಫಳಫಳ ಹೊಳೆಯುತ್ತಿದೆ, ಉದ್ದ 45 ಸೆಂ.ಮೀ., ಹಳೆಯದೇ ಇರಬಹುದಾ ಅಂತ ಕೇಳಿದ್ದೀರಿ. ಹಿಡಿ ಆಮೇಲೆ ನೋಡಿ. ಮೊದಲು ಅಲಗಿನ ಎರಡೂ ಮಗ್ಗುಲಿನ ಫೋಟೋ ತರಿಸಿಕೊಳ್ಳಿ. ಬೆನ್ನಿನದೂ ಇರಲಿ.

ಫ್ಲಿಸ್ಸಾ ಅಲ್ಜೀರಿಯಾದ ಉತ್ತರದಲ್ಲಿರುವ ಕಬೈಲಿಯಾ ಬೆಟ್ಟಗಳ ಬೆರ್ಬರರ, ಅಂದರೆ ಅಲ್ಲಿನ ಮೂಲನಿವಾಸಿಗಳ ಕತ್ತಿ. ಅಲ್ಲಿನ ಇಫ್ಲಿಸೆನ್ ಬುಡಕಟ್ಟಿನಿಂದ ಆ ಹೆಸರು ಬಂತು. ಬೆನ್ನು ನೇರ, ಒಂದೇ ಕಡೆ ಅಂಚು, ಮೊನೆ ಸೂಜಿಯ ಹಾಗೆ. ಕೈ ಕಾಯಲು ಅಡ್ಡಪಟ್ಟಿ ಇರುವುದಿಲ್ಲ. ಹಿಡಿಯ ತುದಿಯಲ್ಲಿ ಪ್ರಾಣಿಯ ತಲೆ. ಒಂಟೆ ಅನ್ನುವವರಿದ್ದಾರೆ, ನಾಯಿ ಅನ್ನುವವರೂ ಇದ್ದಾರೆ. ನನಗಂತೂ ಎರಡೂ ಕಾಣಲಿಲ್ಲ!

ಫ್ರೆಂಚರು 1830ರಲ್ಲಿ ಅಲ್ಜಿಯರ್ಸ್ ಹಿಡಿದರು, 1857ರಲ್ಲಿ ಕಬೈಲಿಯಾ ಗೆದ್ದರು. ಸಿಪಾಯಿಗಳು ಊರಿಗೆ ಹೋಗುವಾಗ ಇಂಥ ಕತ್ತಿಗಳನ್ನೂ ಒಯ್ದರು. ಫ್ರಾನ್ಸಿನ ಹಳೆ ಸಾಮಾನಿನ ಸಂತೆಗಳಲ್ಲಿ ಇವು ಸಿಗುವುದು ಅದಕ್ಕೇ. ಆಮೇಲೆ ಪ್ರವಾಸಿಗಳಿಗೆ ಅಂತಲೇ ಮಾಡಿದವೂ ಬಂದವು. ಗಿಡ್ಡ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ, ಚೂರಿಯಷ್ಟು ಚಿಕ್ಕ ಫ್ಲಿಸ್ಸಾಗಳೂ ಹಿಂದೆ ಇದ್ದವು.

ಒಳ್ಳೆಯ ಕತ್ತಿಯಲ್ಲಿ ಬೆನ್ನಿನ ಕಡೆ ದಪ್ಪ ಇರುತ್ತದೆ, ಅಂಚಿನ ಕಡೆಗೆ ಬರಬರುತ್ತಾ ತೆಳುವಾಗುತ್ತದೆ. ಒಂದೇ ದಪ್ಪದ ತಗಡು ಕತ್ತರಿಸಿದ ಹಾಗಿದ್ದರೆ ನಾನು ಮುಟ್ಟುವುದಿಲ್ಲ. ಅಲಗಿನ ಮೇಲೆ ಉಳಿಯಿಂದ ಕೊರೆದ ಗೆರೆ, ಚುಕ್ಕೆ, ತ್ರಿಕೋನ ಇರುತ್ತವೆ. ಆ ಕೊರೆತದೊಳಗೆ ಹಿತ್ತಾಳೆ ಬಡಿದು ಕೂರಿಸಿರುತ್ತಾರೆ. ಸುಮ್ನೆ ಮೇಲೆ ಬಳಿದದ್ದಲ್ಲ. ಕಾಲ ಕಳೆದ ಹಾಗೆ ಅಲ್ಲಲ್ಲಿ ಹಿತ್ತಾಳೆ ಉದುರಿ ಖಾಲಿ ಗುಳಿ ಉಳಿಯುತ್ತದೆ. ಅಂಥ ಗುಳಿ ಕಂಡರೆ ನನಗೆ ಖುಷಿ. ಮರದ ಒರೆಯಲ್ಲೂ ಸವೆತ ಹುಡುಕಿ. ಕೈ ತಾಗುವ ಕಡೆ ಕೆತ್ತನೆ ನುಣುಪಾಗಿರಬೇಕು ಅಲ್ವಾ? ಎಲ್ಲ ಕಡೆ ಒಂದೇ ಸಮ ಚೂಪಾಗಿದ್ದರೆ ಬೆಲೆ ಹೆಚ್ಚು ಕೊಡಬೇಡಿ.

ನಾನು ಮೊದಲು ಕೊಂಡ ಫ್ಲಿಸ್ಸಾದ ಅಲಗು ಕಂದು ಬಣ್ಣಕ್ಕೆ ತಿರುಗಿತ್ತು. ಭಾನುವಾರ ಬೇರೆ ಕೆಲಸ ಇರಲಿಲ್ಲ ನೋಡಿ, ಮರಳು ಕಾಗದ ಹಿಡಿದು ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕನ್ನಡಿಯಾಯಿತು, ಉಳಿಯ ಗೆರೆಗಳು ಅರ್ಧಕ್ಕರ್ಧ ಅಳಿಸಿಹೋದವು. ಬೇರೊಂದು ಕತ್ತಿ ಕೊಳ್ಳಲು ಹೋದಾಗ ಅದನ್ನು ಅಂಗಡಿಯ ಮುದುಕರಿಗೆ ತೋರಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಸುಮ್ಮನೆ ಬಟ್ಟೆ ಸುತ್ತಿ ವಾಪಸ್ ಕೊಟ್ಟರು.

ಹಾಗಾಗಿ ನಿಮ್ಮ ಫೋಟೋದ ಆ ಹೊಳಪೇ ನನಗೆ ಅನುಮಾನ. ಹೊಸದಾಗಿರಬಹುದು, ಇಲ್ಲವೇ ನನ್ನಂಥವನೊಬ್ಬನ ಕೈಗೆ ಸಿಕ್ಕಿರಬಹುದು. ಕೊಳ್ಳುವುದೇ ಆದರೆ ಮೆತ್ತನೆ ಬಟ್ಟೆಯಲ್ಲಿ ಎರಡು ಹನಿ ಎಣ್ಣೆ ಸವರಿ ಒರೆಸಿಡಿ, ಸಾಕು.