ನನ್ನ ಮಾತೇ ನನಗೆ ತಿರುಗುಬಾಣ

ನೀವು ಕೇಳಿದ್ದು ಇಷ್ಟು: ‘ನನ್ನ ಮಗಳಿಗೆ ಈಗಷ್ಟೇ ಎರಡು ತುಂಬಿದೆ. ಒಂದು ಗಳಿಗೆ ಸುಮ್ಮನೆ ಕೂರುವುದಿಲ್ಲ, ಎಲ್ಲದಕ್ಕೂ ಎದುರು ಮಾತು. ಇಂಥ ಚೂಟಿ ಹೆಣ್ಣುಮಕ್ಕಳ ಅಮ್ಮಂದಿರು ದಿನ ಹೇಗೆ ದೂಡುತ್ತೀರಿ? ನಗು ಬರುವಂಥದ್ದು ಏನಾದರೂ ಇದ್ದರೆ ಹೇಳಿ.’

ಇದೆ, ಬೇಕಾದಷ್ಟಿದೆ. ನನ್ನ ಮಗಳಿಗೆ ಇನ್ನೆರಡು ತಿಂಗಳಿಗೆ ಐದು ತುಂಬುತ್ತದೆ. ನಿಮ್ಮ ಈಗಿನ ಪಾಡು ಮೂರು ವರ್ಷದ ಹಿಂದೆ ನನ್ನದಾಗಿತ್ತು. ಆಗ ಎದುರು ಮಾತು ಅಂದರೆ ‘ಬೇಡ’ ಮತ್ತು ‘ನಾನೇ’, ಈ ಎರಡೇ. ಈಗ ಅವಳು ವಾದ ಮಾಡುತ್ತಾಳೆ. ವಾದಕ್ಕೆ ಬೇಕಾದ ಸಾಕ್ಷಿಯನ್ನೆಲ್ಲ ಒದಗಿಸುವವಳು ನಾನೇ. ನಮ್ಮ ಮನೆಯ ನಗುವೆಲ್ಲ ಹುಟ್ಟುವುದು ಅಲ್ಲಿಂದಲೇ: ನಾನು ಯಾವಾಗಲೋ ಬಾಯಿಗೆ ಬಂದದ್ದು ಹೇಳಿರುತ್ತೇನೆ, ಅವಳು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿರುತ್ತಾಳೆ.

ಮೊದಲು ‘ಐದು ನಿಮಿಷ’ದ ಕಥೆ. ಕೆಲಸದಲ್ಲಿದ್ದಾಗ ಅವಳು ಕರೆದರೆ ‘ಐದು ನಿಮಿಷ ಪುಟ್ಟಿ’ ಅನ್ನುವುದು ನನ್ನ ಚಾಳಿ. ಆ ಐದು ನಿಮಿಷ ಒಮ್ಮೊಮ್ಮೆ ಅರ್ಧ ಗಂಟೆ. ಅವಳು ಗಡಿಯಾರ ನೋಡಲು ಕಲಿತಿಲ್ಲ, ಆದರೆ ಐದು ನಿಮಿಷ ಅಂದರೆ ದೊಡ್ಡವರಿಗೆ ಬೇಕಾದಷ್ಟು ಹೊತ್ತು ಅಂತ ಚೆನ್ನಾಗಿ ತಿಳಿದುಕೊಂಡಳು. ಒಂದು ದಿನ ಸ್ನಾನಕ್ಕೆ ಕರೆದೆ. ತಲೆ ಎತ್ತದೆ, ಗೊಂಬೆಯ ಕೂದಲು ಬಾಚುತ್ತಲೇ ‘ಐದು ನಿಮಿಷ ಅಮ್ಮ’ ಎಂದಳು. ನನ್ನದೇ ರಾಗ, ನನ್ನದೇ ಕೈಯಾಡಿಸುವ ಗತ್ತು. ನೀರು ತಣ್ಣಗಾಯಿತು. ಮತ್ತೆ ಕರೆದರೆ ‘ಇನ್ನೂ ಐದು ನಿಮಿಷ ಆಗಿಲ್ಲ, ನಂಗೆ ಗೊತ್ತು’ ಎನ್ನುತ್ತಾಳೆ!

ಇದಕ್ಕೊಂದು ಗತಿ ಕಾಣಿಸಬೇಕು ಅಂತ ಮೊಬೈಲಿನಲ್ಲಿ ಟೈಮರ್ ಹಾಕಿದೆ. ಗಂಟೆ ಹೊಡೆದರೆ ಎಲ್ಲರೂ ಏಳಬೇಕು, ಅದೇ ನಿಯಮ. ಅವಳು ಒಪ್ಪಿದಳು, ಎರಡು ದಿನ ಪಾಲಿಸಿದಳು. ಮೂರನೇ ದಿನ ನಾನು ಬಾತ್‌ರೂಮಿಗೆ ಹೋದಾಗ ಹೊರಗೆ ಗಂಟೆ ಹೊಡೆಯಿತು. ಬಾಗಿಲು ದಬದಬ ಬಡಿದು ‘ಅಮ್ಮಾ, ಟೈಮ್ ಮುಗೀತು, ಆಚೆ ಬಾ! ಎಲ್ಲರೂ ಏಳಬೇಕು ಅಂತ ನೀನೇ ಹೇಳಿದ್ದೆ ಅಲ್ವಾ!’ ಎಂದಳು. ನಿಯಮ ಮಾಡುವಾಗ ‘ಎಲ್ಲರೂ’ ಅನ್ನುವ ಪದ ಬಳಸಬೇಡಿ. ಅನುಭವದ ಮಾತು ಇದು.

ಇನ್ನು ಮಾತು. ಎರಡು ವರ್ಷದ ಮಗುವಿನ ಅಮ್ಮನಿಗೆ ಹೊಟ್ಟೆಕಿಚ್ಚು ಬರುವಂತೆ ಹೇಳುತ್ತೇನೆ ಕೇಳಿ, ಮೂರರಿಂದ ಐದರವರೆಗೆ ಮಕ್ಕಳು ಆಡುವ ಕನ್ನಡದಷ್ಟು ರುಚಿಯಾದದ್ದು ಇನ್ನೊಂದಿಲ್ಲ. ನನ್ನವಳು ‘ಗೊಂಬೆ ಅಪ್ಪಂಗೆ ಕೊಡಿದೆ’ ಅನ್ನುತ್ತಿದ್ದಳು. ನಾನು ‘ಕೊಡಿದೆ ಅಲ್ಲ, ಕೊಟ್ಟೆ’ ಅಂತ ತಿದ್ದಿದೆ. ಯೋಚನೆ ಮಾಡಿದರೆ ತಪ್ಪು ಅವಳದಲ್ಲ. ನೋಡು ಅಂದರೆ ನೋಡಿದೆ, ಹಾಡು ಅಂದರೆ ಹಾಡಿದೆ, ಓಡು ಅಂದರೆ ಓಡಿದೆ. ಹಾಗಾದರೆ ಕೊಡು ಅಂದರೆ ಕೊಡಿದೆ ತಾನೇ? ಆದರೆ ನಾನು ತಿದ್ದಿದ್ದನ್ನು ಅವಳು ಮನಸ್ಸಿಗೆ ತೀರಾ ಹಚ್ಚಿಕೊಂಡಳು. ಅವತ್ತು ಸಾಯಂಕಾಲ ಓಡಿಬಂದು ಹೇಳಿದಳು: ‘ಅಮ್ಮ, ನಾನು ಹಾಡು ಹಾಟ್ಟೆ, ನೀನು ನೋಟ್ಟೆಯಾ?’

ಮಕ್ಕಳು ಕೇಳಿದ್ದನ್ನು ಗಿಣಿಯ ಹಾಗೆ ಒಪ್ಪಿಸುತ್ತಾರೆ ಅಂತ ನಾವಂದುಕೊಳ್ಳುತ್ತೇವೆ. ಅಲ್ಲವಂತೆ. 1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಒಂದು ಇಲ್ಲದ ಪ್ರಾಣಿಯ ಚಿತ್ರ ಬರೆದು, ಅದಕ್ಕೆ ‘ವಗ್’ ಅಂತ ಹೆಸರಿಟ್ಟು, ಇಂಥವು ಎರಡಿದ್ದರೆ ಏನನ್ನುತ್ತೀರಿ ಎಂದು ಪುಟ್ಟ ಮಕ್ಕಳನ್ನು ಕೇಳಿದರು. ಹಿಂದೆಂದೂ ಕಿವಿಗೆ ಬೀಳದ ಪದ ಅದು. ಆದರೂ ಹೆಚ್ಚಿನ ಮಕ್ಕಳು ಇಂಗ್ಲಿಷಿನ ಬಹುವಚನವನ್ನು ಸರಿಯಾಗಿ ಹಚ್ಚಿದರು. ಅಂದರೆ ಒಳಗೊಳಗೇ ವ್ಯಾಕರಣ ಕಟ್ಟಿಕೊಂಡಿರುತ್ತಾರೆ. ಇದನ್ನು ಓದಿದ ಮೇಲೆ ‘ಹಾಟ್ಟೆ’ಯನ್ನು ತಿದ್ದುವ ಮನಸ್ಸಾಗಲಿಲ್ಲ. ತಾನಾಗಿ ಹೋಗುವಾಗ ಹೋಗಲಿ ಅಂತ ಬಿಟ್ಟೆ. (ಹೋಯಿತು. ಈಗ ನನಗೆ ಬೇಜಾರು.)

ಇದಕ್ಕಿಂತ ದೊಡ್ಡದು ‘ತಂದೆ’ಯ ರಾದ್ಧಾಂತ. ಶಾಲೆಯ ಅರ್ಜಿ ತುಂಬುವಾಗ ತಂದೆಯ ಹೆಸರು, ತಾಯಿಯ ಹೆಸರು ಅಂತ ಜೋರಾಗಿ ಓದುತ್ತಿದ್ದೆ. ತಂದೆ ಅಂದರೆ ಏನು ಅಂದಳು. ಅಪ್ಪ ಅಂತ ಹೇಳಿದೆ. ತಾಯಿ ಅಂದರೆ? ಅಮ್ಮ. ಹೌದಾ ಅಂತ ಸುಮ್ಮನಾದಳು. ನಮ್ಮ ಮನೆಯಲ್ಲಿ ಅವಳು ಸುಮ್ಮನಾದರೆ ಹೆದರಬೇಕು. ಮಾರನೇ ದಿನ ಅಪ್ಪನ ಚಪ್ಪಲಿ ಹಿಡಿದುಕೊಂಡು ಬಂದಳು.

‘ಯಾರು ಹೇಳಿದ್ರು ತರೋಕೆ?’
‘ಯಾರೂ ಹೇಳಿಲ್ಲ. ನಾನೇ ತಾಯಿ.’
‘ಏನು?’
‘ಅಪ್ಪ ಆದ್ರೆ ತಂದೆ ಅನ್ನಬೇಕು. ನಾನು ಹುಡುಗಿ ಅಲ್ವಾ? ನಾನು ಚಪ್ಪಲಿ ತಾಯಿ.’

ನನ್ನ ಗಂಡ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನಗಲು ಹೊರಗೆ ಹೋದರು. ಹೊರಗೆ ಯಾಕೆ ಅಂದರೆ, ಅವಳ ಮುಂದೆ ನಗುವ ಹಾಗಿಲ್ಲ. ‘ನಾನು ಜೋಕ್ ಹೇಳಿಲ್ಲ, ಯಾಕೆ ನಗ್ತೀರಾ?’ ಅಂತ ಜಗಳಕ್ಕೆ ನಿಲ್ಲುತ್ತಾಳೆ. ಅದು ಸರಿಯೇ ಅಂತ ನನಗನ್ನಿಸುತ್ತದೆ. ಅಷ್ಟು ಯೋಚಿಸಿ ಒಂದು ನಿಯಮ ಕಂಡುಹಿಡಿದವಳ ಮುಂದೆ ಹಲ್ಲು ಕಿರಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ನುಡಿಗಟ್ಟುಗಳ ವಿಷಯ ಬಿಡಿ, ಅದೊಂದು ದೊಡ್ಡ ಪುರಾಣ. ‘ವಾಷಿಂಗ್ ಮೆಷಿನ್ ಇವತ್ತೂ ಕೈ ಕೊಡ್ತು’ ಅಂದೆ. ಅವಳು ಹೋಗಿ ಮೆಷಿನ್ ಸುತ್ತ ನೋಡಿ, ಒಳಗೂ ಇಣುಕಿ, ‘ಎಲ್ಲಿದೆ ಕೈ? ಯಾರಿಗೆ ಕೊಡ್ತು?’ ಎಂದಳು. ‘ತಲೆ ತಿನ್ನಬೇಡ’ ಅಂದರೆ ಕೂದಲೊಳಗೆ ಕೈಯಾಡಿಸಿ ‘ತಿಂದಿಲ್ಲ, ಪೂರ್ತಿ ಇದೆ’ ಅನ್ನುತ್ತಾಳೆ. ಇನ್ನೊಂದು ಮಾತ್ರ ಹೇಳಲೇಬೇಕು. ಮನೆಗೆ ಬಂದ ಹಿರಿಯರೊಬ್ಬರು, ಇವಳು ಸೋಫಾದಿಂದ ಸೋಫಾಕ್ಕೆ ಹಾರುವುದನ್ನು ನೋಡಿ ‘ಹೆಣ್ಣುಮಗು ಹೀಗಾ? ಗಂಡುಬೀರಿ ಆಗ್ತಾಳೆ’ ಎಂದರು. ನನಗೆ ಉರಿದುಹೋಯಿತು. ಏನಾದರೂ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಇವಳು ಹಾರುವುದನ್ನು ನಿಲ್ಲಿಸಿ ಕೇಳಿದಳು: ‘ಗಂಡುಬೀರು ಅಂದ್ರೆ ಅಪ್ಪನ ಬೀರುವಾ? ಅದರಲ್ಲಿ ಬರೀ ಹಳೇ ಚಾರ್ಜರ್ ಇದೆ.’ ಅದರ ಮೇಲೆ ನಾನು ಹೇಳುವಂಥದ್ದೇನೂ ಉಳಿಯಲಿಲ್ಲ.

ಸುಳ್ಳಿನ ಬಗ್ಗೆ ಹೇಳುತ್ತೇನೆ. ನಿಮಗೆ ಇನ್ನೂ ಎರಡು ವರ್ಷ ಇದೆ, ಆದರೂ ತಯಾರಿ ಇರಲಿ. ಮೂರು ವರ್ಷದವಳಿದ್ದಾಗ ಅವಳ ಸುಳ್ಳು ಪಾಪದ ಸುಳ್ಳು. ಕೈಯಲ್ಲಿ ಕ್ರೇಯಾನ್ ಹಿಡಿದುಕೊಂಡೇ ‘ಗೋಡೇನೇ ಬರ್ಕೊಂಡಿದೆ’ ಅನ್ನುತ್ತಿದ್ದಳು. ಕಣ್ಣಾಮುಚ್ಚಾಲೆ ಆಡುವಾಗ ‘ಅಮ್ಮ, ನೀನು ಬಾಗಿಲ ಹಿಂದೆ ಬಚ್ಚಿಟ್ಕೋ, ನಾನು ಹುಡುಕ್ತೀನಿ’ ಅಂತ ತಾನೇ ಜಾಗ ತೋರಿಸುತ್ತಿದ್ದಳು. ಒಮ್ಮೆ ನಾನು ಬೇಕೆಂದೇ ಮಂಚದ ಪಕ್ಕ ಅಡಗಿದೆ. ಸಿಕ್ಕ ಮೇಲೆ ‘ಮೋಸ! ಬಾಗಿಲ ಹಿಂದೆ ಅಂತ ಹೇಳಿದ್ನಲ್ಲ!’ ಎಂದು ಅಳು.

ಇದಕ್ಕೂ ಒಂದು ಪ್ರಯೋಗ ಇದೆ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಇಬ್ಬರು ಸಂಶೋಧಕರು ಮಕ್ಕಳಿಗೆ ಒಂದು ಕಥೆ ಹೇಳಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಎತ್ತಿಡುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಸಾಮಾನ್ಯವಾಗಿ ಹೊಸ ಕಪಾಟನ್ನು ತೋರಿಸುತ್ತಾರೆ. ತಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂತಲೇ ಅವರ ಲೆಕ್ಕ. ನಾಲ್ಕು ದಾಟಿದ ಮೇಲೆ, ಅವನಿಗೆ ಗೊತ್ತಿಲ್ಲವಲ್ಲ, ಹಳೇ ಕಡೆಯೇ ಹುಡುಕುತ್ತಾನೆ ಅನ್ನುವುದು ಹೊಳೆಯತೊಡಗುತ್ತದೆ.

ನಾಲ್ಕು ತುಂಬಿದಾಗ ನಾನೂ ಪರೀಕ್ಷೆ ಮಾಡೋಣ ಅಂತ ಹೊರಟೆ. ಗೊಂಬೆಯ ಕೈಯಿಂದ ಚೆಂಡನ್ನು ಡಬ್ಬಿಯಲ್ಲಿ ಇಡಿಸಿದೆ, ಗೊಂಬೆಯನ್ನು ಹೊರಗೆ ಕಳಿಸಿದೆ, ಚೆಂಡನ್ನು ಬುಟ್ಟಿಗೆ ಹಾಕಿದೆ. ‘ಈಗ ಗೊಂಬೆ ಬಂದು ಎಲ್ಲಿ ಹುಡುಕುತ್ತೆ ಹೇಳು?’

ನನ್ನನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿದಳು. ‘ಅಮ್ಮ, ಅದು ಗೊಂಬೆ. ಅದು ಹುಡುಕಲ್ಲ.’

ಪರೀಕ್ಷೆ ಅಲ್ಲಿಗೆ ಮುಗಿಯಿತು. ಫಲಿತಾಂಶ ಎರಡು ವಾರದ ಮೇಲೆ ಬಂತು. ನನ್ನ ಲಿಪ್‌ಸ್ಟಿಕ್ ಅರ್ಧ ಕರಗಿತ್ತು. ಅವಳನ್ನು ಕೇಳಿದೆ. ಏನೂ ಹೇಳದೆ ಗೊಂಬೆಯ ಕಡೆ ಬೆರಳು ತೋರಿಸಿದಳು. ಗೊಂಬೆಯ ಮುಖದ ತುಂಬ ಕೆಂಪು. ಇವಳ ಮುಖ ಉಜ್ಜಿ ತೊಳೆದು ಲಕಲಕ. ಅಂದರೆ ಮೊದಲು ತಾನು ಹಚ್ಚಿಕೊಂಡು, ಆಮೇಲೆ ಗೊಂಬೆಗೆ ಬಳಿದು, ಮುಖ ತೊಳೆದು, ಅಮ್ಮನಿಗೆ ಏನು ಕಾಣಬೇಕು, ಏನು ಕಾಣಬಾರದು ಅಂತ ಯೋಚಿಸಿ ಕೂತಿದ್ದಾಳೆ. ಸಿಟ್ಟು ಬರಬೇಕಿತ್ತು, ನನಗೆ ಹೆಮ್ಮೆ ಬಂತು. ‘ಓಹೋ, ಗೊಂಬೆ ತಾನೇ ಹಚ್ಕೊಂಡಿತಾ?’ ಅಂದೆ. ‘ಹೂಂ’ ಅಂತ ನಕ್ಕಳು. ಹಲ್ಲೆಲ್ಲ ಕೆಂಪು.

ನಾವು ಹೇಳುವ ಸುಳ್ಳೂ ಕಮ್ಮಿ ಏನಲ್ಲ ಬಿಡಿ. ಒಂದು ಸಲ ಲಸಿಕೆ ಹಾಕಿಸಲು ಹೋದಾಗ ‘ಚುಚ್ಚಿದ್ರೆ ಏನೂ ನೋಯಲ್ಲ ಬಂಗಾರಿ’ ಅಂದೆ. ಅವಳು ಡಾಕ್ಟರ ಕಡೆ ತಿರುಗಿ ‘ಹಾಗಾದ್ರೆ ಅಮ್ಮಂಗೇ ಚುಚ್ಚಿ, ಅವಳಿಗೆ ನೋಯಲ್ಲ’ ಎಂದಳು. ಅವರು ಸಿರಿಂಜ್ ಪಕ್ಕಕ್ಕಿಟ್ಟು ನಕ್ಕರು. ಅಂದಿನಿಂದ ಆ ಮಾತು ಬಿಟ್ಟೆ. ಮುಂದಿನ ಸಲ ‘ಸ್ವಲ್ಪ ನೋಯುತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ’ ಅಂತ ನಿಜ ಹೇಳಿದೆ. ಕುರ್ಚಿಯಲ್ಲಿ ಕೂತ ಕೂಡಲೇ ‘ಒಂದು, ಎರಡು, ನಾಕು, ಏಳು, ಹತ್ತು’ ಅಂತ ಎಣಿಸಿ ‘ಆಯ್ತು, ಮುಗೀತು, ನಡಿ ಮನೆಗೆ’ ಅಂತ ಇಳಿದಳು. ಡಾಕ್ಟರ್ ಇನ್ನೂ ಹತ್ತಿ ಕೂಡ ತೆಗೆದಿರಲಿಲ್ಲ.

ನಿದ್ದೆಯದ್ದು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಗು ಕಮ್ಮಿ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿಸಿ. ಇದನ್ನು ಅವಳಿಗೂ ವಿವರಿಸಿದೆ. ‘ಸರಿ, ಇವತ್ತಿಂದು ನಾಳೆ ಸೇರಿಸಿ ಮಾಡ್ತೀನಿ’ ಎಂದಳು. ಅವಳ ಲೆಕ್ಕದಲ್ಲಿ ನಾಳೆ ಅಂದರೆ ಯಾವತ್ತು ಅನ್ನುವುದು ಇನ್ನೊಂದು ಕಥೆ. ‘ನಾಳೆ ನಾನು ಬಿದ್ದಿದ್ದೆ ಅಲ್ವಾ’ ಅನ್ನುವವಳು ಅವಳು.

ಎಲ್ಲಾ ದಿನ ಹೀಗೇ ನಗುತ್ತಾ ಇರುತ್ತೇವೆ ಅಂತ ತಿಳಿಯಬೇಡಿ. ನೆಲದ ಮೇಲೆ ಬಿದ್ದು ಹೊರಳಾಡುವ ರಂಪ ಇದೆ. ಅದು ನಿಮ್ಮ ಮಗಳ ವಯಸ್ಸಿನಲ್ಲೇ ಜಾಸ್ತಿ. ಎಷ್ಟೋ ಸಲ ನಾನೂ ಕಿರುಚಿದ್ದೇನೆ, ಆಮೇಲೆ ಕ್ಷಮೆ ಕೇಳಿದ್ದೇನೆ. ‘ಪರವಾಗಿಲ್ಲ, ಇನ್ನೊಂದ್ಸಲ ಮಾಡಬೇಡ’ ಅಂತ ಬೆರಳೆತ್ತಿ ಹೇಳುತ್ತಾಳೆ. ಅದೂ ನನ್ನದೇ ಮಾತು.

ಕೊನೆಗೆ, ಕಳೆದ ವಾರದ್ದು ಒಂದು. ಹಾಲು ಕುಡಿಸುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇತ್ತು. ಅಗಲ ಲೋಟದಿಂದ ಉದ್ದನೆ ಸಣ್ಣ ಗ್ಲಾಸಿಗೆ ಹಾಲು ಸುರಿದರೆ ಅವಳಿಗೆ ಹಾಲು ಜಾಸ್ತಿ ಆದ ಹಾಗೆ ಕಾಣುತ್ತದೆ. ಕಣ್ಣೆದುರೇ ಸುರಿದರೂ ಅಷ್ಟೇ. ಮಕ್ಕಳ ಬುದ್ಧಿಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದರು. ಆರೇಳು ವರ್ಷದ ಹೊತ್ತಿಗಷ್ಟೇ ಸುರಿದರೆ ಅಳತೆ ಬದಲಾಗುವುದಿಲ್ಲ ಅನ್ನುವುದು ಮಕ್ಕಳಿಗೆ ಅರ್ಥವಾಗುತ್ತದೆ. ನಾನು ಇದನ್ನು ಉಲ್ಟಾ ಬಳಸುತ್ತಿದ್ದೆ: ಹಾಲು ಬೇಡ ಅಂದಾಗ ಅಗಲ ಲೋಟಕ್ಕೆ ಸುರಿದು ‘ನೋಡು, ಈಗ ಸ್ವಲ್ಪಾನೇ ಇದೆ’ ಅನ್ನುವುದು. ಅವಳಿಗೆ ಸಮಾಧಾನ, ನನಗೂ ಸಮಾಧಾನ.

ಕಳೆದ ವಾರ ನನಗೆ ಜ್ವರ. ಮಲಗಿದ್ದೆ. ಮಂಚದ ಪಕ್ಕ ಅಗಲ ಲೋಟದಲ್ಲಿ ನೀರಿಟ್ಟುಕೊಂಡಿದ್ದೆ. ಅವಳು ಬಂದು ಲೋಟದೊಳಗೆ ಬಗ್ಗಿ ನೋಡಿ, ಮುಖ ಸಣ್ಣದು ಮಾಡಿ ‘ಪಾಪ, ನಿಂಗೆ ಸ್ವಲ್ಪಾನೇ ಇದೆ’ ಎಂದಳು. ಒಳಗೆ ಹೋಗಿ ತನ್ನ ಉದ್ದನೆ ಗ್ಲಾಸ್ ತಂದಳು. ತನ್ನದು, ಇನ್ನೊಬ್ಬರು ಮುಟ್ಟಬಾರದ್ದು. ಎರಡೂ ಕೈಯಲ್ಲಿ ಲೋಟ ಎತ್ತಿ ಸುರಿದಳು. ಕಾಲುಭಾಗ ಹಾಸಿಗೆಗೆ, ಇನ್ನೊಂದು ಕಾಲುಭಾಗ ನನ್ನ ತೋಳಿಗೆ. ಉಳಿದದ್ದು ಗ್ಲಾಸಿನಲ್ಲಿ ಎತ್ತರಕ್ಕೆ ನಿಂತಿತು.

‘ಈಗ ನೋಡು, ಎಷ್ಟೊಂದಿದೆ!’

ಒದ್ದೆ ಹಾಸಿಗೆಯಲ್ಲೇ ಎದ್ದು ಕೂತು ಕುಡಿಯತೊಡಗಿದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾನು ಅವಳ ಹಾಲಿಗೆ ಕಾವಲು ನಿಲ್ಲುವ ಹಾಗೇ ನಿಂತಿದ್ದಳು. ಎರಡು ಗುಟುಕಿಗೆ ಸಾಕಾಯಿತು. ‘ಆಮೇಲೆ ಕುಡೀತೀನಿ ಪುಟ್ಟಿ’ ಅಂದೆ. ಅವಳು ಟೇಬಲ್ ಮೇಲಿದ್ದ ನನ್ನ ಮೊಬೈಲ್ ಎತ್ತಿಕೊಂಡಳು.

‘ಐದು ನಿಮಿಷ ಹಾಕ್ತೀನಿ. ಗಂಟೆ ಹೊಡೆಯೋದ್ರೊಳಗೆ ಖಾಲಿ ಆಗಿರಬೇಕು.’